ಎಂಟು ಸಂಜೆ, ಒಂದು ದನಿ: ಮೆಝೊ ಗಾಯಕಿ ಜಾನೆಟ್ ಬೇಕರ್ ಅವರನ್ನು ಕೇಳಲು ಒಂದು ದಾರಿ

ಒಪೆರಾ ಅಂದ್ರೆ ಏನು ನೋಡೇಬಿಡೋಣ ಅಂತ ಹೊರಟವರು ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ದೊಡ್ಡ ಹೆಸರಿನ, ನಾಲ್ಕು ಗಂಟೆಯ ಒಂದು ಜರ್ಮನ್ ಒಪೆರಾ ಹಾಕಿಕೊಂಡು ಕೂತೆ. ಎರಡನೇ ಅಂಕಕ್ಕೆ ಕುರ್ಚಿಯಲ್ಲೇ ನಿದ್ದೆ ಹತ್ತಿತು. ಎಚ್ಚರವಾದಾಗಲೂ ಅದೇ ಇಬ್ಬರು ಅಲ್ಲೇ ನಿಂತು ಹಾಡುತ್ತಿದ್ದರು. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಎಳೆದು ತಂದದ್ದು ಒಂದು ದನಿ. ಅದಕ್ಕೇ ಹೊಸಬರಿಗೆ ನಾನು ಹೇಳುವುದು ಇಷ್ಟು: ಒಪೆರಾ ಹಿಡಿಯಬೇಡಿ, ಒಬ್ಬ ಗಾಯಕಿಯನ್ನು ಹಿಡಿಯಿರಿ. ಅವರ ಬದುಕು ಎಲ್ಲಿಂದ ಎಲ್ಲಿಗೆ ಹೋಯಿತೋ ಅದರ ಹಿಂದೆ ನೀವೂ ಹೋಗಿ. ನಾನು ಹಿಡಿದದ್ದು ಇಂಗ್ಲೆಂಡಿನ ಜಾನೆಟ್ ಬೇಕರ್ ಅವರನ್ನು. ಅವರದು ಮೆಝೊ-ಸೊಪ್ರಾನೊ ದನಿ. ಎಂಟು ಸಂಜೆ ಬಿಡುವು ಮಾಡಿಕೊಂಡರೆ ಸಾಕು. ವಾರಕ್ಕೆ ಎರಡು ಅಂದ್ರೆ ಒಂದು ತಿಂಗಳು.

ಮೊದಲು: ಈ ದನಿ ಎಲ್ಲಿ ನಿಲ್ಲುತ್ತದೆ

ಪಾಶ್ಚಾತ್ಯ ಸಂಗೀತದಲ್ಲಿ ಹೆಣ್ಣು ದನಿಗಳು ಸ್ಥೂಲವಾಗಿ ಮೂರು. ಮೇಲಿನದು ಸೊಪ್ರಾನೊ, ಕೆಳಗಿನದು ಕಾಂಟ್ರಾಲ್ಟೊ, ನಡುವಿನದು ಮೆಝೊ-ಸೊಪ್ರಾನೊ. ಪಿಯಾನೋದ ಮಧ್ಯದ ಸಿ ಕೀಲಿಗಿಂತ ಸ್ವಲ್ಪ ಕೆಳಗಿನ ಎ ಸ್ವರದಿಂದ ಸುಮಾರು ಎರಡು ಸ್ಥಾಯಿ ಮೇಲಿನ ಎ ತನಕ ಮೆಝೊ ಓಡಾಡುವ ಜಾಗ.

ಕರ್ನಾಟಕ ಸಂಗೀತ ಕೇಳಿ ಬೆಳೆದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಗಾಯಕಿಯರಲ್ಲಿ ಬಹಳ ಜನ ಐದು, ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಾರೆ. ಐದು ಮನೆ ಅಂದ್ರೆ ಜಿ. ಅವರು ಕಷ್ಟಪಟ್ಟು ಮುಟ್ಟುವ ತಾರಸ್ಥಾಯಿ ಪಂಚಮ ಮೆಝೊ ಗಾಯಕಿಗೆ ಸಲೀಸಾಗಿ ನಿಲ್ಲುವ ಜಾಗ. ಅಲ್ಲಿಂದ ಇನ್ನೂ ನಾಲ್ಕು ಸ್ವರ ಮೇಲೆ ಹೋಗಬೇಕು. ಅದೂ ಮೈಕಿಲ್ಲದೆ, ಎದುರಿಗೆ ಅರವತ್ತು ಎಪ್ಪತ್ತು ವಾದ್ಯಗಳನ್ನು ಇಟ್ಟುಕೊಂಡು. ಹಾಗಾಗಿ 'ಕೆಳಗಿನ ದನಿ' ಅಂದ ಕೂಡಲೇ ಗಂಗೂಬಾಯಿ ಹಾನಗಲ್ ಅವರ ದನಿ ನೆನಪಿಸಿಕೊಂಡು ಕೂರಬೇಡಿ. ಅಷ್ಟು ಕೆಳಗೆ ಇದು ಇಳಿಯುವುದೇ ಇಲ್ಲ. ಇಲ್ಲಿ ಮುಖ್ಯ ಬಣ್ಣ. ಸೊಪ್ರಾನೊ ಹೊಳೆಯುವ ಹಿತ್ತಾಳೆಯಾದರೆ ಮೆಝೊ ಉಜ್ಜಿ ಬೆಳಗಿದ ತಾಮ್ರ.

ಕೆಲಸದ ದೃಷ್ಟಿಯಿಂದ ನೋಡಿದರೆ ಈ ನಡುವಿನ ಜಾಗ ಸುಖದ್ದಲ್ಲ. ಒಪೆರಾದಲ್ಲಿ ನಾಯಕಿ ಬಹುಪಾಲು ಸೊಪ್ರಾನೊ. ಮೆಝೊಗೆ ಉಳಿಯುವುದು ನಾಯಕಿಯ ಗೆಳತಿ, ತಾಯಿ, ಪ್ರೇಮದಲ್ಲಿ ಎದುರಾಳಿ, ಮಾಟಗಾತಿ, ಇಲ್ಲವೇ ಹುಡುಗನ ವೇಷ. ಕಾರ್ಮೆನ್ ಥರ ಮೆಝೊನೇ ನಾಯಕಿಯಾಗುವ ಪಾತ್ರಗಳು ಇವೆ, ಆದರೆ ಕಡಿಮೆ. ಇನ್ನೊಂದು ಕಡೆ ಸಂಗೀತ ಕಚೇರಿಯ ಲೋಕದಲ್ಲಿ ಮೆಝೊಗೆ ಕೈತುಂಬ ಕೆಲಸ. ಹ್ಯಾಂಡೆಲ್ ಅವರ ಮೆಸ್ಸಾಯ, ಬಾಖ್ ಅವರ ಪ್ಯಾಶನ್‌ಗಳು, ವೆರ್ಡಿಯ ರೆಕ್ವಿಯಮ್, ಬೀಥೋವನ್ ಒಂಬತ್ತನೇ ಸಿಂಫನಿ, ಮಾಹ್ಲರ್ ಅವರ ಎರಡನೇ ಮತ್ತು ಮೂರನೇ ಸಿಂಫನಿ, ಎಲ್ಲಕ್ಕೂ ಒಬ್ಬ ಮೆಝೊ ಅಥವಾ ಕೆಳದನಿಯ ಆಲ್ಟೊ ಬೇಕೇ ಬೇಕು. ಹೊಸ ಒಪೆರಾ ಒಪ್ಪಿಕೊಂಡರೆ ವಾರಗಟ್ಟಲೆ ತಾಲೀಮು. ಕಚೇರಿಗೆ ಎರಡು ಮೂರು ದಿನ ಸಾಕು. ಯಾವುದಕ್ಕೆ ಎಷ್ಟು ದಿನ ಕೊಡಬೇಕು, ಯಾವುದಕ್ಕೆ ಒಲ್ಲೆ ಅನ್ನಬೇಕು ಎಂಬ ಲೆಕ್ಕಾಚಾರದಲ್ಲೇ ಮೆಝೊ ಬದುಕು ರೂಪುಗೊಳ್ಳುತ್ತದೆ. ಬೇಕರ್ ಅವರು ಒಲ್ಲೆ ಅನ್ನುವುದರಲ್ಲಿ ಗಟ್ಟಿಗರು.

ಕೂರುವ ಮುಂಚೆ

ಹೆಡ್‌ಫೋನ್ ಬೇಕು. ಫೋನಿನ ಸ್ಪೀಕರ್‌ನಲ್ಲಿ ಕೆಳಗಿನ ತಂತಿವಾದ್ಯಗಳು ಕೇಳುವುದೇ ಇಲ್ಲ, ಮೊದಲ ಸಂಜೆಗೆ ಅವೇ ಮುಖ್ಯ. ಹಾಡಿನ ಸಾಹಿತ್ಯ ಎದುರಿಗೆ ಇರಲಿ, ಹಾಡು ಶುರುವಾಗುವ ಮೊದಲೇ ಒಮ್ಮೆ ಓದಿಬಿಡಿ. ಹಿಂದೂಸ್ತಾನಿ ಬಂದಿಶ್‌ನಲ್ಲಿ ಎರಡು ಸಾಲು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಬೇಕರ್ ಹಾಡುವುದು ಮಾತನ್ನು.

ಹುಡುಕುವಾಗ ಬರೀ ಗಾಯಕಿಯ ಹೆಸರು ಹಾಕಿದರೆ ಎಲ್ಲ ಕಲಸುಮೇಲೋಗರ. ಗಾಯಕಿ, ಸಂಯೋಜಕ, ಕೃತಿ, ನಿರ್ವಾಹಕ (ಎದುರು ನಿಂತು ವಾದ್ಯವೃಂದವನ್ನು ನಡೆಸುವವರು), ನಾಲ್ಕೂ ಹೆಸರು ಹಾಕಿ. ಒಂದೇ ಧ್ವನಿಮುದ್ರಣ ಹತ್ತು ಬೇರೆ ಬೇರೆ ಮುಖಪುಟಗಳಲ್ಲಿ ಸಿಗುತ್ತದೆ, ಗಾಬರಿಯಾಗಬೇಡಿ. ಇಸವಿ ನೋಡಿದರೆ ತಿಳಿಯುತ್ತದೆ. 'ಅತ್ಯುತ್ತಮ ಹಾಡುಗಳು' ಅನ್ನುವ ಸಂಕಲನಗಳನ್ನು ಈ ತಿಂಗಳು ಮುಟ್ಟಬೇಡಿ. ಅವುಗಳಲ್ಲಿ 1961ರ ದನಿಯ ಪಕ್ಕದಲ್ಲೇ 1980ರ ದನಿ ಬಂದು ಕೂತಿರುತ್ತದೆ. ನಮಗೆ ಬೇಕಾದದ್ದು ಅದರ ನಡುವಿನ ದಾರಿ.

ಸಂಜೆ ಒಂದು: ಸಾಯುವ ರಾಣಿ, 1961

ಹೆನ್ರಿ ಪರ್ಸೆಲ್ ಅವರ 'ಡೈಡೊ ಅಂಡ್ ಈನಿಯಸ್'. ಬರೀ ಒಂದು ಗಂಟೆಯ ಪುಟ್ಟ ಒಪೆರಾ. 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿದ್ದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇದನ್ನು ಆಡಿದ ದಾಖಲೆ ಇದೆ. ಬೇಕರ್ ಇದನ್ನು ಆಂಥನಿ ಲೂಯಿಸ್ ನಿರ್ವಹಣೆಯಲ್ಲಿ 1961ರಲ್ಲಿ ಧ್ವನಿಮುದ್ರಿಸಿದರು. ಅವರಿಗಾಗ 28ರ ಆಸುಪಾಸು. ಪೂರ್ತಿ ಕೇಳಬೇಕಿಲ್ಲ. ನೇರವಾಗಿ ಕೊನೆಗೆ ಹೋಗಿ, 'ದೈ ಹ್ಯಾಂಡ್, ಬೆಲಿಂಡಾ' ಎಂಬಲ್ಲಿಂದ ಶುರು ಮಾಡಿ. ಪ್ರಿಯಕರ ಬಿಟ್ಟು ಹೊರಟಿದ್ದಾನೆ. ಕಾರ್ಥೇಜಿನ ರಾಣಿ ಸಖಿಯ ಕೈ ಹಿಡಿದು ಸಾಯಲು ಸಿದ್ಧಳಾಗಿದ್ದಾಳೆ.

ಮಾತಿನಂಥ ಆ ಸಾಲುಗಳು ಮುಗಿದ ಮೇಲೆ ಕೆಳಗಿನ ತಂತಿವಾದ್ಯಗಳು ಮಾತ್ರ ಉಳಿಯುತ್ತವೆ. ಇಲ್ಲಿ ನಿಲ್ಲಿಸಿ. ತಂಬೂರಿ ಆ್ಯಪ್ ಇದ್ದರೆ ಐದು ಮನೆ ಶ್ರುತಿ ಇಟ್ಟು ಒಂದು ಕ್ಷಣ ಸ ಕೇಳಿಕೊಳ್ಳಿ. ಈ ಹಾಡು ಜಿ ಮೈನರ್, ಅದೇ ನಿಮ್ಮ ಷಡ್ಜ. ಈಗ ತಂಬೂರಿ ಆರಿಸಿಬಿಡಿ, ಇಲ್ಲದಿದ್ದರೆ ಕಚ್ಚಾಡುತ್ತದೆ. ಮತ್ತೆ ಹಾಕಿ ಕೇಳಿ. ಆ ವಾದ್ಯಗಳು ಇಳಿಯುವ ದಾರಿ ಹೀಗಿದೆ: ಸ, ಕಾಕಲಿ ನಿ, ಕೈಶಿಕಿ ನಿ, ಚತುಶ್ರುತಿ ಧ, ಶುದ್ಧ ಧ, ಪ. ಒಂದು ಮನೆಯನ್ನೂ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಮ್ಮ ರಾಗಗಳಲ್ಲಿ ಹೀಗೆ ಇಳಿಯುವ ರೂಢಿ ಇಲ್ಲ, ಅದಕ್ಕೇ ಮೊದಲ ಸಲ ಕೇಳಿದಾಗ ಕಾಲ ಕೆಳಗಿನ ನೆಲ ಸರಿದ ಹಾಗಾಗುತ್ತದೆ. ಐದು ಅಳತೆಯ (ಅಳತೆ ಅಂದ್ರೆ ಬಾರ್, ನಮ್ಮ ತಾಳದ ಆವರ್ತದ ಹಾಗೆ) ಈ ಎಳೆ ಹಾಡು ಮುಗಿಯುವವರೆಗೆ ಹನ್ನೊಂದು ಸಲ ಬರುತ್ತದೆ. ಬೆರಳು ಮಡಚಿ ಎಣಿಸಿ.

ಅದರ ಮೇಲೆ ಬೇಕರ್ 'ರಿಮೆಂಬರ್ ಮಿ' ಅನ್ನುತ್ತಾರೆ. ಮೊದಲು ಒಂದೇ ಸ್ವರದ ಮೇಲೆ, ಪಂಚಮದಲ್ಲಿ, ಅಲುಗಾಡದೆ. ಬೇರೆ ಕೆಲವರು ಇಲ್ಲಿ ಅಳುತ್ತಾರೆ. ಬೇಕರ್ ಅಳುವುದಿಲ್ಲ. ಮನೆಯ ಬೀಗದ ಕೈ ಕೊಟ್ಟು ಹೊರಡುವವರು ಹೇಳುವ ಹಾಗೆ ಹೇಳುತ್ತಾರೆ. ಆಮೇಲೆ ಅದೇ ಮಾತು ಮೇಲಿನ ಷಡ್ಜಕ್ಕೆ ಏರುತ್ತದೆ. ಆಗ ದನಿ ಪೂರ್ತಿ ತೆರೆದುಕೊಳ್ಳುತ್ತದೆ. ಅದೇ ಸಾಲಿನ ಉಳಿದರ್ಧ, 'ನನ್ನ ಗತಿಯನ್ನು ಮರೆತುಬಿಡಿ' ಅನ್ನುವಷ್ಟರಲ್ಲಿ ಮತ್ತೆ ಒಳಗೆ ಎಳೆದುಕೊಳ್ಳುತ್ತಾರೆ.

ನಾನು ಇದನ್ನು ಹಾಕಿದ ದಿನ ಅಮ್ಮ ಅಡುಗೆಮನೆಯಿಂದ ಕೇಳಿದ್ದರು, "ಯಾರೋ ಆಕೆ, ಪಾಪ?"

"ರಾಣಿ ಅಮ್ಮಾ, ಸಾಯ್ತಿದಾಳೆ."

"ಹಾಗಾದ್ರೆ ಮಧ್ಯದಲ್ಲಿ ನಿಲ್ಲಿಸ್ಬೇಡ."

ಮೂರು ಸಲ ಕೇಳಿ, ಸಾಕು. ಅವತ್ತು ಬೇರೆ ಏನೂ ಹಾಕಬೇಡಿ.

ನಡುವೆ ಒಂದಿಷ್ಟು ಬದುಕು

ಬೇಕರ್ ಹುಟ್ಟಿದ್ದು 1933ರ ಆಗಸ್ಟ್ 21ರಂದು, ಯಾರ್ಕ್‌ಷೈರಿನ ಹ್ಯಾಟ್‌ಫೀಲ್ಡ್‌ನಲ್ಲಿ. ಹತ್ತು ವರ್ಷದವರಿದ್ದಾಗ ಅಣ್ಣ ಪೀಟರ್ ಹೃದಯದ ತೊಂದರೆಯಿಂದ ತೀರಿಕೊಂಡ. ಇದನ್ನು ನೆನಪಿಟ್ಟುಕೊಳ್ಳಿ, ನಾಲ್ಕನೇ ಸಂಜೆಗೆ ಬೇಕಾಗುತ್ತದೆ. ಲೀಡ್ಸ್ ನಗರದ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ಮೇಳದಲ್ಲಿ ಹಾಡುತ್ತಿದ್ದವರು 1953ರಲ್ಲಿ ಲಂಡನ್ನಿಗೆ ಬಂದರು. ಹೆಲೆನ್ ಇಸೆಪ್ ಅವರ ಬಳಿ ಪಾಠ. 1956ರಲ್ಲಿ ಬಸ್ಸೊಂದು ಗುದ್ದಿ ತಲೆಗೆ ಪೆಟ್ಟಾಯಿತು, ಬೆನ್ನುನೋವು ಜೊತೆಗೇ ಉಳಿಯಿತು. ಅದೇ ವರ್ಷ ಕ್ಯಾಥ್ಲೀನ್ ಫೆರಿಯರ್ ಸ್ಮಾರಕ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಮೊದಲನೆಯದಲ್ಲ, ಎರಡನೆಯದು.

ಫೆರಿಯರ್ ಯಾರು ಅಂತ ಗೊತ್ತಿರಬೇಕು. ಬ್ಲ್ಯಾಕ್‌ಬರ್ನ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು, ಇಂಗ್ಲೆಂಡಿನ ಮನೆಮಾತಾದ ಕಾಂಟ್ರಾಲ್ಟೊ. 1953ರ ಫೆಬ್ರವರಿಯಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ಒಪೆರಾ ಮಂದಿರದಲ್ಲಿ ಗ್ಲುಕ್ ಅವರ ಒಪೆರಾದ ಆರ್ಫಿಯಸ್ ಪಾತ್ರ ಮಾಡುತ್ತಿದ್ದಾಗ, ಎರಡನೇ ಪ್ರದರ್ಶನದಲ್ಲಿ ಕ್ಯಾನ್ಸರ್ ತಿಂದಿದ್ದ ತೊಡೆಯ ಮೂಳೆ ಮುರಿಯಿತು. ಒರಗಿ ನಿಂತು ಹಾಡು ಮುಗಿಸಿದರು. ಮತ್ತೆ ರಂಗಕ್ಕೆ ಬರಲಿಲ್ಲ, ಆ ಅಕ್ಟೋಬರಿನಲ್ಲಿ 41ನೇ ವಯಸ್ಸಿಗೆ ತೀರಿಕೊಂಡರು. ಬೇಕರ್ ಬೆಳೆದದ್ದು ಆ ಖಾಲಿ ಜಾಗದಲ್ಲಿ. ಜನ ಹೋಲಿಸದೆ ಬಿಟ್ಟಾರೆಯೇ?

ಸಂಜೆ ಎರಡು: ಸಮುದ್ರ

ಎಡ್ವರ್ಡ್ ಎಲ್ಗರ್ ಅವರ 'ಸೀ ಪಿಕ್ಚರ್ಸ್'. ಐದು ಹಾಡು, ಒಟ್ಟು ಇಪ್ಪತ್ತು ಇಪ್ಪತ್ತೈದು ನಿಮಿಷ. 1899ರಲ್ಲಿ ನಾರಿಚ್ ಉತ್ಸವದಲ್ಲಿ ಮೊದಲು ಹಾಡಿದವರು ಕ್ಲಾರಾ ಬಟ್, ಅದೂ ಮತ್ಸ್ಯಕನ್ಯೆಯಂಥ ಉಡುಪು ತೊಟ್ಟು. ಬೇಕರ್ ಅವರ ಧ್ವನಿಮುದ್ರಣ 1965ರದು, ನಿರ್ವಾಹಕ ಜಾನ್ ಬಾರ್ಬಿರೋಲಿ. ಅದೇ ಗ್ರಾಮಫೋನ್ ತಟ್ಟೆಯ ಇನ್ನೊಂದು ಬದಿಯಲ್ಲಿ ಜ್ಯಾಕ್ಲಿನ್ ಡು ಪ್ರೆ ನುಡಿಸಿದ ಎಲ್ಗರ್ ಚೆಲ್ಲೊ ಕನ್ಚರ್ಟೊ ಇತ್ತು. ಎಷ್ಟೋ ಜನ ಆ ಬದಿಗಾಗಿ ಕೊಂಡು, ತಿರುಗಿಸಿ ಹಾಕಿದಾಗ ಬೇಕರ್ ಸಿಕ್ಕಿರಬೇಕು.

ಪದ್ಯಗಳು ಅಂಥ ದೊಡ್ಡ ಕವಿತೆಗಳಲ್ಲ, ಒಂದು ಎಲ್ಗರ್ ಅವರ ಹೆಂಡತಿ ಆ್ಯಲಿಸ್ ಬರೆದದ್ದು. ನಾಲ್ಕನೇ ಹಾಡಿಗೆ ಹೋಗಿ, 'ವೇರ್ ಕೋರಲ್ಸ್ ಲೈ'. ಹವಳಗಳಿರುವ ಕಡಲ ತಳ ಒಬ್ಬರನ್ನು ಕರೆಯುತ್ತಿದೆ. ವಾದ್ಯಗಳು ಮೆತ್ತಗೆ ಹೆಜ್ಜೆ ಇಡುತ್ತವೆ, ಹಾಡು ಹಗುರ. 'ಲೀವ್ ಮಿ, ಲೀವ್ ಮಿ, ಲೆಟ್ ಮಿ ಗೋ' ಎಂಬಲ್ಲಿ ಬೇಕರ್ ಏನು ಮಾಡುತ್ತಾರೆ ಕೇಳಿ. ಬೇಡಿಕೊಳ್ಳುವುದಿಲ್ಲ, ಸಿಡುಕುವುದಿಲ್ಲ. ದನಿ ಉಸಿರಿನಷ್ಟಕ್ಕೆ ಇಳಿಯುತ್ತದೆ, ಆದರೂ ಒಂದೊಂದು ಅಕ್ಷರವೂ ಸ್ಪಷ್ಟ. ಮೆಲ್ಲಗೆ ಹಾಡುವುದು ಜೋರಾಗಿ ಹಾಡುವುದಕ್ಕಿಂತ ಕಷ್ಟ ಅಂತ ಹಾಡುವವರೆಲ್ಲ ಹೇಳುತ್ತಾರೆ, ಅಲ್ವಾ? ಅದಕ್ಕೆ ಈ ನಾಲ್ಕು ನಿಮಿಷವೇ ಸಾಕ್ಷಿ.

ಸಂಜೆ ಮೂರು: ದೇವದೂತೆ

ಇದನ್ನು ಬೇಗ ಮುಗಿಸೋಣ. ಎಲ್ಗರ್ ಅವರದೇ 'ದ ಡ್ರೀಮ್ ಆಫ್ ಜೆರಾಂಟಿಯಸ್', 1900ರ ಕೃತಿ. ಬಾರ್ಬಿರೋಲಿ ಮತ್ತು ಮ್ಯಾಂಚೆಸ್ಟರಿನ ಹಾಲೆ ವಾದ್ಯವೃಂದದ ಜೊತೆ 1964ರ ಕೊನೆಗೆ ಮುದ್ರಿಸಿದ್ದು. ಸತ್ತವನ ಆತ್ಮವನ್ನು ದೇವದೂತೆ ಕೈಹಿಡಿದು ಕರೆದೊಯ್ಯುವ ಕಥೆ. ಒಂದೂವರೆ ಗಂಟೆ ಮೀರುತ್ತದೆ, ಧರ್ಮದ ಮಾತು ಜಾಸ್ತಿ. ನನಗೆ ಪೂರ್ತಿ ಕೇಳಲು ತಾಳ್ಮೆ ಬಂದದ್ದು ನಾಲ್ಕನೇ ಪ್ರಯತ್ನದಲ್ಲಿ. ಕೊನೆಯ ವಿದಾಯದ ಹಾಡು, 'ಸಾಫ್ಟ್ಲಿ ಅಂಡ್ ಜೆಂಟ್ಲಿ', ಅಷ್ಟನ್ನೇ ಕೇಳಿ. ತೊಟ್ಟಿಲು ತೂಗುವವಳ ದನಿ ಅದು.

ಸಂಜೆ ನಾಲ್ಕು: ಮಾಹ್ಲರ್

ಇಲ್ಲಿ ಅವಸರ ಬೇಡ. ಸಾಧ್ಯವಾದರೆ ಮನೆಯವರೆಲ್ಲ ಮಲಗಿದ ಮೇಲೆ ಕೂತುಕೊಳ್ಳಿ.

ಫ್ರೀಡ್ರಿಕ್ ರ್‍ಯುಕರ್ಟ್ ಎಂಬ ಜರ್ಮನ್ ಕವಿಯ ಇಬ್ಬರು ಮಕ್ಕಳು 1833-34ರ ಚಳಿಗಾಲದಲ್ಲಿ ಜ್ವರದಿಂದ ಸತ್ತರು. ಆತ ನಾನೂರಕ್ಕೂ ಹೆಚ್ಚು ಪದ್ಯ ಬರೆದ. ಪ್ರಕಟಿಸಲು ಬರೆದದ್ದಲ್ಲ, ತಡೆಯಲಾರದೆ ಬರೆದದ್ದು. ಗುಸ್ಟಾವ್ ಮಾಹ್ಲರ್ 1901ರಿಂದ 1904ರ ನಡುವೆ ಅದರಲ್ಲಿ ಐದನ್ನು ಆರಿಸಿ ಸ್ವರ ಹಾಕಿದರು. ಅದೇ 'ಕಿಂಡರ್‌ಟೋಟನ್‌ಲೀಡರ್', ಸತ್ತ ಮಕ್ಕಳ ಹಾಡುಗಳು. ಮೂರು ವರ್ಷದ ನಂತರ, 1907ರಲ್ಲಿ, ಮಾಹ್ಲರ್ ಅವರ ದೊಡ್ಡ ಮಗಳೇ ತೀರಿಕೊಂಡಳು. ಬೇಕರ್ ಇವನ್ನು 1967ರಲ್ಲಿ ಬಾರ್ಬಿರೋಲಿ ಜೊತೆ ಮುದ್ರಿಸಿದರು. ಮಗು ಸತ್ತ ಮನೆಯ ನಿಶ್ಶಬ್ದವನ್ನು ಹತ್ತನೇ ವಯಸ್ಸಿಗೇ ಕಂಡಿದ್ದವರು. ಅವರ ಹಾಡಿಗೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕೇಳುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ, ಅಷ್ಟೇ.

ಆದರೆ ಮೊದಲು ಇನ್ನೊಂದನ್ನು ಕೇಳಿ. ರ್‍ಯುಕರ್ಟ್ ಅವರದೇ ಬೇರೊಂದು ಪದ್ಯ, 'ಇಷ್ ಬಿನ್ ಡೆರ್ ವೆಲ್ಟ್ ಅಬ್‌ಹಾಂಡನ್ ಗೆಕೊಮ್ಮನ್'. ಇದು 1969ರ ಮುದ್ರಣ, ನಿರ್ವಾಹಕರು ಅದೇ ಬಾರ್ಬಿರೋಲಿ. ಮರುವರ್ಷ ಅವರು ತೀರಿಕೊಂಡರು. ಪದ್ಯದ ಮೊದಲ ಮಾತು ಹೆಚ್ಚೂಕಡಿಮೆ ಹೀಗೆ: ಲೋಕದ ಕೈಗೆ ಸಿಗದ ಹಾಗೆ ಕಳೆದುಹೋಗಿದ್ದೇನೆ, ಅದರ ಜೊತೆ ಎಷ್ಟೋ ಕಾಲ ಹಾಳು ಮಾಡಿಕೊಂಡಿದ್ದೆ. ದುಃಖದ ಮಾತಲ್ಲ ಇದು. ಸಾಕು ಅನಿಸಿದವರ ನೆಮ್ಮದಿ.

ಇಂಗ್ಲಿಷ್ ಹಾರ್ನ್ ಎಂಬ ಊದುವಾದ್ಯ ಶುರು ಮಾಡುತ್ತದೆ. ಎರಡು ಸ್ವರ ಊದಿ ನಿಲ್ಲುತ್ತದೆ. ಮತ್ತೆ ಅವೆರಡನ್ನೇ ಊದಿ ಮೂರನೆಯದನ್ನು ಸೇರಿಸುತ್ತದೆ. ಮಾತು ಹೊರಡದೆ ತಡವರಿಸುವವರ ಹಾಗೆ. ನಮ್ಮ ಆಲಾಪನೆಯ ಮೊದಲ ನಿಮಿಷ ಕೇಳಿದವರಿಗೆ ಇದರ ಲಯ ಹೊಸದೇನಲ್ಲ. ದನಿ ಬಂದು ಅದೇ ಎಳೆಯನ್ನು ಎತ್ತಿಕೊಳ್ಳುತ್ತದೆ. ಬಾರ್ಬಿರೋಲಿ ಬಹಳ ನಿಧಾನ, ಬೇಕರ್ ಅವರ ಉಸಿರು ಎಷ್ಟು ದೂರ ಹೋಗುತ್ತದೋ ನೋಡಿಬಿಡೋಣ ಅನ್ನುವಷ್ಟು ನಿಧಾನ. ಕೊನೆಯ ಸಾಲಿಗೆ ಕಾಯಿರಿ: ನನ್ನ ಆಕಾಶದಲ್ಲಿ, ನನ್ನ ಪ್ರೀತಿಯಲ್ಲಿ, ನನ್ನ ಹಾಡಿನಲ್ಲಿ ಒಂಟಿಯಾಗಿ ಬದುಕಿದ್ದೇನೆ. 'ಲೀಡ್', ಅಂದರೆ ಹಾಡು, ಎಂಬ ಕೊನೆಯ ಪದವನ್ನು ಅವರು ಮುಗಿಸುವುದು ಯಾವಾಗ ಅಂತ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ದನಿ ಎಲ್ಲಿ ನಿಂತಿತು, ವಾದ್ಯ ಎಲ್ಲಿ ಹಿಡಿಯಿತು ಅನ್ನುವ ಗೆರೆಯೇ ಕಾಣುವುದಿಲ್ಲ.

ಇದು ಸುಮಾರು ಆರೂವರೆ ನಿಮಿಷ. ಮುಗಿದ ಮೇಲೆ ಫೋನು ನೋಡಬೇಡಿ. ಸತ್ತ ಮಕ್ಕಳ ಹಾಡುಗಳಿಗೆ ಮರುದಿನ ಹೋದರೂ ಆಯಿತು. ಮನೆಯಲ್ಲಿ ಅಂಥ ನೋವು ಹಸಿಯಾಗಿದ್ದವರು ಅದನ್ನು ಬಿಟ್ಟೇಬಿಡಿ.

ಸಂಜೆ ಐದು: ಗಂಡುವೇಷ

ಈಗ ಸ್ವಲ್ಪ ಹಗುರವಾಗೋಣ. ಮೆಝೊ ಗಾಯಕಿಯರು ಗಂಡಸಿನ ಪಾತ್ರ ಮಾಡುವುದು ಒಪೆರಾದಲ್ಲಿ ಮಾಮೂಲು. ಯಕ್ಷಗಾನದ ಸ್ತ್ರೀವೇಷ ಕಂಡ ನಮಗೆ ಇದನ್ನು ಒಪ್ಪಿಕೊಳ್ಳಲು ಕಷ್ಟವಾಗಬಾರದು. ಅಲ್ಲಿ ಗಂಡು ಹೆಣ್ಣಾಗುತ್ತಾನೆ, ಇಲ್ಲಿ ಹೆಣ್ಣು ಗಂಡಾಗುತ್ತಾಳೆ. ಇದಕ್ಕೆ ಎರಡು ಕಾರಣ. ಒಂದು, ಹದಿಹರೆಯದ ಹುಡುಗನ ದನಿಗೆ ಮೆಝೊ ಹೊಂದುತ್ತದೆ. ಮೊಟ್ಸಾರ್ಟ್ ಅವರ ಕೆರುಬೀನೊ ಹಾಗೆ, ರಿಚರ್ಡ್ ಸ್ಟ್ರಾಸ್ ಅವರ ಆಕ್ಟೇವಿಯನ್ ಹಾಗೆ. ಆಕ್ಟೇವಿಯನ್ ಪಾತ್ರವನ್ನು ಬೇಕರ್ ಸ್ಕಾಟಿಷ್ ಒಪೆರಾದಲ್ಲಿ ಮಾಡಿದರು. ಅದರಲ್ಲಿ ಗಂಡಾದ ಹೆಣ್ಣು ಮತ್ತೆ ಕೆಲಸದ ಹುಡುಗಿಯ ವೇಷ ಹಾಕುತ್ತಾಳೆ, ತಲೆ ತಿರುಗುವಷ್ಟು.

ಎರಡನೇ ಕಾರಣ ಸ್ವಲ್ಪ ಕಹಿ. ಹದಿನೆಂಟನೇ ಶತಮಾನದ ಇಟಾಲಿಯನ್ ಒಪೆರಾದ ವೀರರನ್ನು ಹಾಡುತ್ತಿದ್ದವರು ಕಾಸ್ಟ್ರಾಟೊಗಳು. ದನಿ ಒಡೆಯದಿರಲಿ ಅಂತ ಎಳವೆಯಲ್ಲೇ ಬೀಜ ಒಡೆಸಿಕೊಂಡವರು. ಆ ಕ್ರೌರ್ಯ ನಿಂತಿತು, ಪಾತ್ರಗಳು ಉಳಿದವು. ಅವು ಈಗ ಮೆಝೊಗಳಿಗೆ ಅಥವಾ ಹೆಣ್ಣುದನಿಯ ಎತ್ತರದಲ್ಲಿ ಹಾಡುವ ಕೌಂಟರ್‌ಟೆನರ್ ಗಂಡಸರಿಗೆ ಸಿಗುತ್ತವೆ. ಹ್ಯಾಂಡೆಲ್ 1724ರಲ್ಲಿ 'ಜೂಲಿಯಸ್ ಸೀಸರ್' ಬರೆದದ್ದು ಸೆನೆಸೀನೊ ಎಂಬ ಕಾಸ್ಟ್ರಾಟೊಗಾಗಿ. ಬೇಕರ್ ಅದನ್ನು ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ ಇಂಗ್ಲಿಷಿನಲ್ಲೇ ಹಾಡಿದರು, ಚಾರ್ಲ್ಸ್ ಮೆಕೆರಾಸ್ ನಿರ್ವಹಣೆ. ಅದರ ವಿಡಿಯೋ ಇದೆ. 'ವಾ ತಾಚಿತೊ' ಎಂಬ ಹಾಡು ನೋಡಿ, ಅಲ್ಲಿ ಅದು ಇಂಗ್ಲಿಷಿನಲ್ಲಿ ಇರುತ್ತದೆ. ಬೇಟೆಗಾರ ಸದ್ದಿಲ್ಲದೆ ಹೋಗುತ್ತಾನೆ ಎಂಬ ಮಾತು. ಜೊತೆಗೆ ಒಂದೇ ಕೊಂಬುವಾದ್ಯ. ಸೀಸರ್ ತನ್ನನ್ನು ಕೊಲ್ಲಲು ಹೊಂಚುತ್ತಿರುವವನ ಎದುರೇ ನಗುಮುಖದಲ್ಲಿ ಹಾಡುತ್ತಾನೆ. ನಡಿಗೆ ನೋಡಿ. ಮೀಸೆ ಗೀಸೆ ಇಲ್ಲ, ದಪ್ಪ ದನಿ ಮಾಡುವುದಿಲ್ಲ. ನಿಂತ ರೀತಿಯಲ್ಲೇ ಸೇನಾಪತಿ.

ಸಂಜೆ ಆರು: ಇಬ್ಬರು ರಾಣಿಯರ ಜಗಳ

ಭಾನುವಾರ ಇಟ್ಟುಕೊಳ್ಳಿ, ಇದು ಪೂರ್ತಿ ಒಪೆರಾ. ಈಗ ನಿದ್ದೆ ಬರುವುದಿಲ್ಲ, ದನಿ ಪರಿಚಯವಾಗಿದೆ. ಡೊನಿಝೆಟ್ಟಿಯ 'ಮೇರಿ ಸ್ಟೂವರ್ಟ್'. ಇದೂ ಇಂಗ್ಲಿಷ್ ನ್ಯಾಷನಲ್ ಒಪೆರಾ, 1982ರ ಮುದ್ರಣ, ವಿಡಿಯೋ ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಡಿದ್ದರಿಂದ ನಮಗೆ ಅರ್ಧ ಕೆಲಸ ಕಡಿಮೆ.

ಸ್ಕಾಟ್ಲೆಂಡಿನ ಮೇರಿ ಸೆರೆಯಲ್ಲಿದ್ದಾಳೆ. ಇಂಗ್ಲೆಂಡಿನ ಎಲಿಜಬೆತ್ ಅವಳನ್ನು ನೋಡಲು ಬರುತ್ತಾಳೆ. ಇತಿಹಾಸದಲ್ಲಿ ಇವರಿಬ್ಬರು ಮುಖಾಮುಖಿ ಆದದ್ದೇ ಇಲ್ಲ. ನಾಟಕಕ್ಕೆ ಅದು ಯಾಕೆ ಬೇಕು? ಎಲಿಜಬೆತ್ ಚುಚ್ಚುತ್ತಾಳೆ, ಮೇರಿ ತಡೆದುಕೊಳ್ಳುತ್ತಾಳೆ, ಮಂಡಿಯೂರುತ್ತಾಳೆ, ಮತ್ತೆ ಚುಚ್ಚು. ಕೊನೆಗೆ ಮೇರಿ ಎದ್ದು ನಿಂತು, ಹಾದರಕ್ಕೆ ಹುಟ್ಟಿದವಳೇ ಅಂತ ಬೈದುಬಿಡುತ್ತಾಳೆ. ಆ ಒಂದು ಬೈಗುಳಕ್ಕೆ ತಲೆಯೇ ಹೋಗುತ್ತದೆ. ಬೇಕರ್ ಅಲ್ಲಿ ಸಿಟ್ಟನ್ನು ಸ್ವಲ್ಪ ಸ್ವಲ್ಪವೇ ತುಂಬಿಸಿಕೊಳ್ಳುವುದನ್ನು ನೋಡಬೇಕು. ಎಲಿಜಬೆತ್ ಆಗಿ ರೊಸಾಲಿಂಡ್ ಪ್ಲೊರೈಟ್ ಕೂಡ ಕಡಿಮೆಯಿಲ್ಲ.

ಒಂದು ಗುಟ್ಟು. ಈ ಪಾತ್ರವನ್ನು ಸಾಮಾನ್ಯವಾಗಿ ಸೊಪ್ರಾನೊಗಳು ಹಾಡುತ್ತಾರೆ. ಬೇಕರ್‌ಗಾಗಿ ಹಲವು ಕಡೆ ಶ್ರುತಿ ಇಳಿಸಲಾಯಿತು. ಇದು ಮೋಸ ಅನ್ನುವವರಿದ್ದಾರೆ. ಆದರೆ 1835ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಈ ಪಾತ್ರ ಹಾಡಿದ ಮಾರಿಯಾ ಮಾಲಿಬ್ರಾನ್ ಅವರೇ ಕೆಳದನಿಯವರು. ಅವರ ತಂಗಿ ಪೊಲೀನ್ ವಿಯಾರ್ಡೊ ಕೂಡ ಮೆಝೊ. ಆ ಮನೆತನವೇ ಹಾಗೆ, ಅಣ್ಣ ಮ್ಯಾನುಯೆಲ್ ಗಾರ್ಸಿಯಾ ಪುಟ್ಟ ಕನ್ನಡಿ ಹಿಡಿದು ಹಾಡುವಾಗಿನ ಗಂಟಲು ನೋಡುವ ವಿಧಾನ ಕಂಡುಕೊಂಡವರು. ವಿಯಾರ್ಡೊ ಹೆಸರು ಎಂಟನೇ ಸಂಜೆಗೆ ಮತ್ತೆ ಬರುತ್ತದೆ.

ಸಂಜೆ ಏಳು: ಅವರಿಗಾಗಿಯೇ ಬರೆದದ್ದು

ಒಳ್ಳೆಯ ಮೆಝೊಗೆ ಪಾತ್ರ ಕಡಿಮೆ ಬಿದ್ದರೆ ಸಂಯೋಜಕರೇ ಬರೆದುಕೊಡುತ್ತಾರೆ. ಬೆಂಜಮಿನ್ ಬ್ರಿಟನ್ ತಮ್ಮ ಕೊನೆಯ ದಿನಗಳಲ್ಲಿ ಬೇಕರ್‌ಗಾಗಿ 'ಫೀಡ್ರಾ' ಬರೆದರು, 1976ರ ಜೂನಿನಲ್ಲಿ ಆಲ್ಡ್‌ಬರೊ ಉತ್ಸವದಲ್ಲಿ ಅವರು ಹಾಡಿದರು, ಡಿಸೆಂಬರಿನಲ್ಲಿ ಬ್ರಿಟನ್ ತೀರಿಕೊಂಡರು. ಮಲಮಗನ ಮೇಲೆ ಮನಸ್ಸಿಟ್ಟು ವಿಷ ಕುಡಿದವಳ ಹದಿನೈದು ನಿಮಿಷ. ಅಮೆರಿಕದ ಡೊಮಿನಿಕ್ ಅರ್ಜೆಂಟೊ ವರ್ಜೀನಿಯಾ ವುಲ್ಫ್ ಅವರ ದಿನಚರಿಯ ಸಾಲುಗಳನ್ನು ಇವರಿಗಾಗಿ ಹಾಡಾಗಿಸಿದರು. 1975ರ ಜನವರಿಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಮೊದಲ ಕಚೇರಿ, ಅದೇ ವರ್ಷ ಪುಲಿಟ್ಜರ್ ಬಹುಮಾನ. ಪಿಯಾನೋ ನುಡಿಸಿದ ಮಾರ್ಟಿನ್ ಇಸೆಪ್, ಬೇಕರ್ ಅವರ ಗುರು ಹೆಲೆನ್ ಇಸೆಪ್ ಅವರ ಮಗ.

ಎರಡೂ ಕಿವಿಗೆ ಸುಲಭವಲ್ಲ. ಇಷ್ಟವಾಗದಿದ್ದರೆ ಸುಮ್ನೆ ಮುಂದಕ್ಕೆ ಹೋಗಿ. ನನಗೆ 'ಫೀಡ್ರಾ' ಹಿಡಿಸಿತು, ಇನ್ನೊಂದರ ಜೊತೆ ಇನ್ನೂ ಸ್ನೇಹ ಬೆಳೆದಿಲ್ಲ.

ಸಂಜೆ ಎಂಟು: ಬಾಗಿಲು ಎಳೆದುಕೊಂಡದ್ದು, 1982

ಬೇಕರ್ ಒಪೆರಾ ಬಿಟ್ಟಾಗ ವಯಸ್ಸು 48. ದನಿ ಚೆನ್ನಾಗಿಯೇ ಇತ್ತು. ಒಂದು ವರ್ಷ ಮುಂಚೆಯೇ ಲೆಕ್ಕ ಹಾಕಿ ಮೂರು ವಿದಾಯ ಇಟ್ಟುಕೊಂಡರು: ಕವೆಂಟ್ ಗಾರ್ಡನ್‌ನಲ್ಲಿ ಗ್ಲುಕ್ ಅವರ 'ಆಲ್ಸೆಸ್ಟ್', ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ ನೀವು ನೋಡಿದ ಮೇರಿ, ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವದಲ್ಲಿ ಗ್ಲುಕ್ ಅವರದೇ 'ಆರ್ಫಿಯಸ್'. ಆ ವರ್ಷದ ದಿನಚರಿಯನ್ನೂ ಬರೆದು ಪ್ರಕಟಿಸಿದರು.

'ಆರ್ಫಿಯಸ್' 1762ರಲ್ಲಿ ವಿಯೆನ್ನಾದಲ್ಲಿ ಗ್ವಾದಾನ್ಯಿ ಎಂಬ ಕಾಸ್ಟ್ರಾಟೊಗಾಗಿ ಹುಟ್ಟಿದ್ದು. 1859ರಲ್ಲಿ ಬೆರ್ಲಿಯೊಜ್ ಅದನ್ನು ಪ್ಯಾರಿಸ್ಸಿನಲ್ಲಿ ವಿಯಾರ್ಡೊಗೆ ತಕ್ಕಂತೆ ಹೊಂದಿಸಿದರು. ಫೆರಿಯರ್ ಕೊನೆಯದಾಗಿ ನಿಂತದ್ದೂ ಇದೇ ಪಾತ್ರದಲ್ಲಿ. ಬೇಕರ್ ಕೊನೆಯ ಸಲ ಹಾಡಿದ್ದು 1982ರ ಜುಲೈ 17ರಂದು. ರೇಮಂಡ್ ಲೆಪರ್ಡ್ ನಿರ್ವಹಣೆ, ಪೀಟರ್ ಹಾಲ್ ನಿರ್ದೇಶನ. ಆ ಪ್ರಯೋಗದ ಚಿತ್ರೀಕರಣ ಸಿಗುತ್ತದೆ.

ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ಹಿಂದೆ ತಿರುಗಿ ನೋಡಬಾರದು ಎಂಬ ಷರತ್ತು. ಅವಳು ಕೇಳುತ್ತಾಳೆ, ಯಾಕೆ ನನ್ನನ್ನು ನೋಡುತ್ತಿಲ್ಲ? ತಿರುಗಿ ನೋಡುತ್ತಾನೆ. ಅವಳು ಮತ್ತೆ ಸಾಯುತ್ತಾಳೆ. ಆಗ ಬರುವ 'ಕೆ ಫಾರೊ' ಹಾಡಿನ ವಿಚಿತ್ರ ಅಂದ್ರೆ, ಅದು ಮೇಜರ್‌ನಲ್ಲಿದೆ, ನಮ್ಮ ಶಂಕರಾಭರಣದ ಸ್ವರಗಳು. ಅಳುವಿಗೆ ಯಾರೂ ಆರಿಸದ ಬಣ್ಣ. ಮೂರು ಸಲ ಅದೇ ಪಲ್ಲವಿ ಬರುತ್ತದೆ. ಮೂರೂ ಸಲ ಬೇಕರ್ ಅದನ್ನು ಹೇಗೆ ಬದಲಿಸುತ್ತಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೊದಲ ಸಂಜೆ ಇದನ್ನೇ ಕೊಟ್ಟಿದ್ದರೆ ನಿಮಗೆ ಮೂರೂ ಒಂದೇ ಥರ ಕೇಳಿಸುತ್ತಿತ್ತು.

ಒಪೆರಾ ನಿಂತರೂ ಕಚೇರಿಗಳು 1989ರವರೆಗೆ ನಡೆದವು. ಆಮೇಲೆ ಯಾರ್ಕ್ ವಿಶ್ವವಿದ್ಯಾಲಯದ ಕುಲಾಧಿಪತಿಯಾದರು.

ಹಾಡಲು ಆಸೆಯಾದವರಿಗೆ

ಕೇಳುತ್ತಾ ಕೇಳುತ್ತಾ ಕಲಿಯುವ ಆಸೆ ಬಂದರೆ ಬೆಂಗಳೂರಿನಲ್ಲಿ ಪಾಶ್ಚಾತ್ಯ ಗಾಯನ ಹೇಳಿಕೊಡುವವರಿದ್ದಾರೆ, ಲಂಡನ್ನಿನ ಮಂಡಳಿಗಳ ದರ್ಜೆ ಪರೀಕ್ಷೆಗಳೂ ನಡೆಯುತ್ತವೆ. ಒಂದೇ ಎಚ್ಚರಿಕೆ. ಎಷ್ಟು ಕೆಳಗೆ ಹಾಡಬಲ್ಲೆ ಎಂಬುದನ್ನು ನೋಡಿ 'ನಾನು ಮೆಝೊ' ಅಂತ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ. ದನಿ ದಣಿಯದೆ ಹೆಚ್ಚು ಹೊತ್ತು ಎಲ್ಲಿ ನಿಲ್ಲುತ್ತದೆ ಎಂಬುದೇ ಲೆಕ್ಕ. ಅದು ಇಪ್ಪತ್ತರ ವಯಸ್ಸಿನಲ್ಲಿ ಪೂರ್ತಿ ತಿಳಿಯುವುದಿಲ್ಲ. ಎದೆಯ ದನಿಯನ್ನೇ ಮೇಲಕ್ಕೆ ತಳ್ಳುವ ನಮ್ಮ ಅಭ್ಯಾಸವನ್ನು ಅಲ್ಲಿಗೆ ಒಯ್ದರೆ ಗಂಟಲು ಕೆಡುತ್ತದೆ, ಗುರುಗಳಿಗೆ ಮೊದಲೇ ಹೇಳಿಬಿಡಿ.

ಸುಮ್ಮನೆ ಕೇಳಿಕೊಂಡಿರೋಣ ಅನ್ನುವವರು ಮುಂದಿನ ತಿಂಗಳಿಗೆ ಇನ್ನೊಬ್ಬರನ್ನು ಹಿಡಿಯಿರಿ. ಕ್ರಿಸ್ಟಾ ಲುಡ್ವಿಗ್, ಮೆರಿಲಿನ್ ಹಾರ್ನ್, ಜಾಯ್ಸ್ ಡಿಡೊನಾಟೊ, ಯಾರಾದರೂ ಸರಿ. ನಾನು ಈಗ ಅಮೆರಿಕದ ಲೊರೇನ್ ಹಂಟ್ ಲೀಬರ್‌ಸನ್ ಅವರ ಹಿಂದೆ ಬಿದ್ದಿದ್ದೇನೆ. ಮೊದಲು ವಾದ್ಯವೃಂದದಲ್ಲಿ ವಯೋಲಾ ನುಡಿಸುತ್ತಿದ್ದವರು, ಅಂದರೆ ತಂತಿವಾದ್ಯಗಳ ನಡುವಿನ ದನಿ. 2006ರಲ್ಲಿ ತೀರಿಕೊಂಡರು. ಅವರ ಬಾಖ್ ಹಾಕಿದರೆ ಅಮ್ಮ ಈಗಲೂ ಅಡುಗೆಮನೆಯಿಂದ ಕೇಳುತ್ತಾರೆ, "ಇವಳೂ ರಾಣೀನಾ?"